ಕಟ್ಟಿನ ಮೇಲಿನ ಬರಹ ಓದದೆ ರೂಫ್ ಹಾಕಿಸಬೇಡಿ

ಡಾಲಸ್ ಸುತ್ತಮುತ್ತ ಸ್ವಂತ ಮನೆ ಇರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರ್ಚ್‌ನಿಂದ ಮೇ ತನಕ ಇಲ್ಲಿ ಆಲಿಕಲ್ಲಿನ ಕಾಲ. ಒಂದು ಸಲ ಜೋರಾಗಿ ಬಿದ್ದರೆ ಸಾಕು, ಮಾರನೇ ದಿನವೇ ರೂಫಿಂಗ್‌ನವರು ಬಾಗಿಲು ತಟ್ಟುತ್ತಾರೆ. ನಮ್ಮ ಮನೆಗೂ ಬಂದರು. ಅವರ ಮಾತು ನಂಬಿ ನನ್ನ ಕೈಯಿಂದ ಹತ್ತಿರ ಹತ್ತಿರ 12,000 ಡಾಲರ್ ಹೋಯಿತು. ಆದರೆ ನಾನು ದುಡ್ಡು ಕೊಟ್ಟ ಶಿಂಗಲ್ (ಇಲ್ಲಿ ಹೆಂಚಿನ ಬದಲು ರೂಫ್ ಮೇಲೆ ಹೊಡೆಯುವ ಡಾಂಬರಿನ ಹಾಳೆ) ಇವತ್ತಿಗೂ ನನ್ನ ಮನೆಯ ಮೇಲೆ ಇಲ್ಲ.

ಕಳೆದ ವರ್ಷ ಏಪ್ರಿಲ್‌ನ ಒಂದು ಸಂಜೆ ಹದಿನೈದು ನಿಮಿಷ ಆಲಿಕಲ್ಲು ಬಿತ್ತು. ದೊಡ್ಡವು ನಿಂಬೆಹಣ್ಣಿನ ಗಾತ್ರ ಇದ್ದವು. ಹಿತ್ತಲಿನ ತುಳಸಿ ಕುಂಡ ಎರಡು ಹೋಳಾಯಿತು. ಮಾರನೇ ದಿನ ಬೆಳಿಗ್ಗೆ ಒಬ್ಬ ಹುಡುಗ ಏಣಿ ಹಿಡಿದುಕೊಂಡು ಬಂದ. ತುಂಬ ಮರ್ಯಾದೆಯ ಹುಡುಗ. ಮೇಲೆ ಹತ್ತಿ, ಪೆಟ್ಟು ಬಿದ್ದ ಕಡೆಯಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಫೋಟೊ ತೋರಿಸಿದ. ಇನ್ಶೂರೆನ್ಸ್ ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ಪರಿಶೀಲನೆಗೆ ಒಪ್ಪಿಗೆ ಅಂತ ಇಲ್ಲೊಂದು ಸಹಿ ಹಾಕಿ ಎಂದು ಟ್ಯಾಬ್ಲೆಟ್ ಮುಂದೆ ಹಿಡಿದ. ಹಾಕಿದೆ. ಅದು ಬರೀ ಪರಿಶೀಲನೆಯ ಒಪ್ಪಿಗೆ ಆಗಿರಲಿಲ್ಲ. ಇನ್ಶೂರೆನ್ಸ್ ಒಪ್ಪಿದರೆ ಕೆಲಸ ಅವರಿಗೇ ಕೊಡಬೇಕು ಅನ್ನುವ ಒಪ್ಪಂದ ಆಗಿತ್ತು.

ಇಲ್ಲಿ ಎರಡು ವಿಷಯ ಹೇಳಿಬಿಡುತ್ತೇನೆ. ಟೆಕ್ಸಾಸ್‌ನಲ್ಲಿ ರೂಫಿಂಗ್ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಅನ್ನುವುದೇ ಇಲ್ಲ, ಏಣಿ ಮತ್ತು ಪಿಕಪ್ ಟ್ರಕ್ ಇರುವ ಯಾರು ಬೇಕಾದರೂ ರೂಫರ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. ಇನ್ನೊಂದು, ಹೀಗೆ ಮನೆ ಬಾಗಿಲಲ್ಲಿ ಮಾಡಿದ ಸಹಿಯನ್ನು 3 ಕೆಲಸದ ದಿನಗಳ ಒಳಗೆ ರದ್ದು ಮಾಡುವ ಹಕ್ಕು ಫೆಡರಲ್ ನಿಯಮದಲ್ಲಿ ಇದೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಇನ್ಶೂರೆನ್ಸ್ ಅಡ್ಜಸ್ಟರ್, ಅಂದರೆ ಹಾನಿ ಎಷ್ಟು ಅಂತ ಅಳೆಯುವವರು, ಬಂದು ನೋಡಿ ಪೂರ್ತಿ ರೂಫ್ ಬದಲಿಸಲು ಒಪ್ಪಿದರು. ನಮ್ಮ ಮನೆಗೆ 4,50,000 ಡಾಲರ್ ಕವರೇಜ್, ಆಲಿಕಲ್ಲಿಗೆ ಡಿಡಕ್ಟಿಬಲ್ ಶೇಕಡ 2. ಅಂದರೆ ಖರ್ಚಿನಲ್ಲಿ ಮೊದಲ 9,000 ಡಾಲರ್ ನಮ್ಮ ಕೈಯಿಂದಲೇ ಕೊಡಬೇಕು. ಆ ಹುಡುಗ ಮತ್ತೆ ಬಂದ, ಈ ಸಲ ಸ್ಯಾಂಪಲ್ ಬೋರ್ಡ್ ತಂದಿದ್ದ. ಸರ್, ಹೇಗೂ ಬದಲಿಸುತ್ತಿದ್ದೀರಿ, ಕ್ಲಾಸ್ 4 ಹಾಕಿಸಿಕೊಳ್ಳಿ, ಆಲಿಕಲ್ಲು ತಡೆಯುತ್ತೆ, ಇನ್ಶೂರೆನ್ಸ್ ಪ್ರೀಮಿಯಮ್ಮೂ ಕಡಿಮೆ ಆಗುತ್ತೆ ಅಂದ. ಸ್ಕ್ವೇರಿಗೆ 90 ಡಾಲರ್ ಜಾಸ್ತಿ. ಸ್ಕ್ವೇರ್ ಅಂದರೆ ಇಲ್ಲಿಯ ರೂಫಿಂಗ್ ಲೆಕ್ಕದಲ್ಲಿ 100 ಚದರಡಿ. ನಮ್ಮದು 32 ಸ್ಕ್ವೇರ್, ಅಲ್ಲಿಗೆ 2,880 ಡಾಲರ್. ಅವನು ಹೇಳಿದ ಮಾತು ಸುಳ್ಳಲ್ಲ, ಸಲಹೆಯೂ ಒಳ್ಳೆಯದೇ. ಒಪ್ಪಿಕೊಂಡೆವು.

ಆಮೇಲೆ ನಾನೂ ನನ್ನ ಹೆಂಡತಿಯೂ ಎರಡು ವಾರ ಬಣ್ಣ ನೋಡುತ್ತ ಕೂತೆವು. ಕಂದು ಚೆನ್ನಾಗಿರುತ್ತಾ, ಬೂದು ಚೆನ್ನಾಗಿರುತ್ತಾ, ಇಟ್ಟಿಗೆ ಗೋಡೆಗೆ ಯಾವುದು ಹೊಂದುತ್ತೆ, ಬಡಾವಣೆಯ ಮನೆ ಮಾಲೀಕರ ಸಂಘ (ಎಚ್‌ಒಎ) ಯಾವುದಕ್ಕೆ ಒಪ್ಪಿಗೆ ಕೊಡುತ್ತೆ. ಎರಡು ವಾರ ಬರೀ ಬಣ್ಣ! ಕಾಂಟ್ರಾಕ್ಟ್‌ನಲ್ಲಿ ಶಿಂಗಲ್‌ನ ಹೆಸರು ಏನಂತ ಬರೆದಿದೆ ಅನ್ನುವುದನ್ನು ಎರಡು ನಿಮಿಷವೂ ನೋಡಲಿಲ್ಲ. ಅಲ್ಲಿ ಇದ್ದಿದ್ದು ಇಷ್ಟೇ: ಅಪ್‌ಗ್ರೇಡ್ ಮಾಡಿದ ಲೈಫ್‌ಟೈಮ್ ಶಿಂಗಲ್, ಬಣ್ಣ ಇಂಥದ್ದು. ಯಾವ ಕಂಪನಿ, ಯಾವ ಮಾದರಿ, ಯಾವ ಕ್ಲಾಸ್, ಒಂದೂ ಇಲ್ಲ. ಎಲ್ಲ ಎಡವಟ್ಟೂ ಶುರುವಾಗಿದ್ದು ಆ ಒಂದು ಸಾಲಿನಿಂದ.

ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಬೆಳಿಗ್ಗೆ ಏಳಕ್ಕೆ ಹತ್ತು ಜನ ಬಂದು ಹಳೆಯದನ್ನು ಕಿತ್ತು, ಸಂಜೆ ಏಳಕ್ಕೆ ಹೊಸದನ್ನು ಹಾಕಿ, ಅಂಗಳದ ಮೊಳೆಗಳನ್ನು ಅಯಸ್ಕಾಂತದಲ್ಲಿ ಗುಡಿಸಿ ಹೊರಟರು. ನಾನು ಇಡೀ ದಿನ ಆಫೀಸಿನ ಕಾಲ್‌ಗಳಲ್ಲಿದ್ದೆ. ಉಳಿದ ಎರಡು ಕಟ್ಟು ಶಿಂಗಲ್‌ಗಳನ್ನು ಮುಂದೆ ಬೇಕಾಗಬಹುದು ಅಂತ ಗ್ಯಾರೇಜಿನಲ್ಲಿ ಇಟ್ಟು ಹೋದರು. ಅವತ್ತೇ ಸಂಜೆ ಬಾಕಿ ದುಡ್ಡನ್ನೂ ಕೊಟ್ಟುಬಿಟ್ಟೆ.

ಮೇ ಕೊನೆಯಲ್ಲಿ ಪ್ರೀಮಿಯಂ ಕಡಿಮೆ ಮಾಡಿ ಅಂತ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. ಪಿಸಿ068 ಫಾರ್ಮ್ ಕಳಿಸಿ ಅಂದರು. ಟೆಕ್ಸಾಸ್‌ನ ಇನ್ಶೂರೆನ್ಸ್ ಇಲಾಖೆಯ ಫಾರ್ಮ್ ಅದು. ಯಾವ ಕಂಪನಿಯ ಯಾವ ಶಿಂಗಲ್, ಯಾವ ಕ್ಲಾಸ್ ಅಂತ ತುಂಬಿ, ರೂಫ್ ಹಾಕಿದವರೇ ಸಹಿ ಮಾಡಬೇಕು. ನಮ್ಮ ರೂಫರ್‌ಗೆ ಕಳಿಸಿದೆ. ನಾಳೆ ಅಂದರು. ಮುಂದಿನ ವಾರ ಅಂದರು. ಆ ಕೆಲಸ ನೋಡುವವರು ರಜೆಯಲ್ಲಿದ್ದಾರೆ ಅಂದರು. ಮೂರನೇ ವಾರ ನನಗೆ ಹೊಟ್ಟೆಯಲ್ಲಿ ಏನೋ ಸರಿ ಇಲ್ಲ ಅನ್ನಿಸಿ, ರಾತ್ರಿ ಊಟ ಆದ ಮೇಲೆ ಗ್ಯಾರೇಜಿಗೆ ಹೋಗಿ ಆ ಕಟ್ಟುಗಳನ್ನು ಬೆಳಕಿಗೆ ಎಳೆದೆ.

ಪ್ಲಾಸ್ಟಿಕ್ ಹೊದಿಕೆಯ ಮೇಲೆ ಎಲ್ಲ ಅಚ್ಚಾಗಿತ್ತು. ಕಂಪನಿಯ ಹೆಸರು, ಮಾದರಿಯ ಹೆಸರು, ನಾವು ಆರಿಸಿದ್ದ ಅದೇ ಬಣ್ಣ, ಮೊಳೆ ಎಲ್ಲೆಲ್ಲಿ ಹೊಡೆಯಬೇಕು ಅನ್ನುವ ಚಿತ್ರ. ಆಲಿಕಲ್ಲಿನ ಪೆಟ್ಟು ತಡೆಯುವ ಪರೀಕ್ಷೆ ಪಾಸಾಗಿದೆ ಅಂತ ಹೇಳುವ ಯುಎಲ್ 2218 ಕ್ಲಾಸ್ 4 ಅನ್ನುವ ಅಕ್ಷರ ಮಾತ್ರ ಎಲ್ಲೂ ಇಲ್ಲ. ನಾಲ್ಕೂ ಬದಿ ತಿರುಗಿಸಿದೆ, ಟಾರ್ಚ್ ಹಾಕಿ ನೋಡಿದೆ, ಇಲ್ಲ. ಕೈಗೆ ರವೆಯಂಥ ಕಪ್ಪು ಕಲ್ಲಿನ ಪುಡಿ ಅಂಟಿತ್ತು. ಕಂಪನಿಯ ಸೈಟಿನಲ್ಲಿ ಹುಡುಕಿದಾಗ ಗೊತ್ತಾಯಿತು, ಅದೇ ಸರಣಿಯಲ್ಲಿ ಆಲಿಕಲ್ಲು ತಡೆಯುವ ಮಾದರಿ ಬೇರೆ ಇದೆ. ಹೆಸರಿನ ಕೊನೆಗೆ ಎರಡು ಅಕ್ಷರ ಜಾಸ್ತಿ, ಬಣ್ಣ ಅದೇ. ಕೆಳಗೆ ಅಂಗಳದಲ್ಲಿ ನಿಂತು ನೋಡಿದರೆ ದೇವರಾಣೆ ವ್ಯತ್ಯಾಸ ಗೊತ್ತಾಗಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಹೇಳಿದೆ. ನಮ್ಮದು ತೀರ್ಥಹಳ್ಳಿ ಕಡೆ, ಹೆಂಚಿನ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ತಾವೇ ನಿಂತು ಒಡೆದ ಹೆಂಚು ತೆಗೆಸಿ ಬೇರೆ ಹಾಕಿಸುತ್ತಿದ್ದರು. ಮಂಗಳೂರು ಹೆಂಚನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ ಅಲ್ವಾ, ಗಾಡಿಯಿಂದ ಇಳಿಸುವಾಗಲೇ ನಾಲ್ಕಾರು ಹೆಂಚು ತಿರುಗಿಸಿ ಅದನ್ನು ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ಆಮೇಲೇ ಗಾಡಿಯವನಿಗೆ ದುಡ್ಡು. ಅವರು ಕೇಳಿದ್ದು ಒಂದೇ ಮಾತು: "ಮೇಲೆ ಹಾಕೋ ಮುಂಚೆ ತಿರುಗಿಸಿ ನೋಡಲಿಲ್ಲೇನೋ?"

ಜೂನ್‌ನಲ್ಲಿ ಒಂದು ದಿನ ಗಾಳಿ ಬೀಸಿತು. ದೊಡ್ಡ ಬಿರುಗಾಳಿಯೇನಲ್ಲ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಹುಲ್ಲಿನ ಮೇಲೆ ಐದು ಶಿಂಗಲ್ ಬಿದ್ದಿವೆ. ಎರಡೇ ತಿಂಗಳ ಹೊಸ ರೂಫ್! ಹಾಸನ ಕಡೆಯ ಗೆಳೆಯರೊಬ್ಬರು ಇಲ್ಲಿ ಮನೆ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತಾರೆ, ಅವರನ್ನು ಕರೆದೆ. ಮೇಲೆ ಹತ್ತಿ ಒಂದು ಗಂಟೆ ನೋಡಿ ಇಳಿದು ಬಂದು, ಬಿದ್ದ ಒಂದು ಶಿಂಗಲ್ ನನ್ನ ಕೈಗೆ ಕೊಟ್ಟು ಮೊಳೆಯ ತೂತುಗಳನ್ನು ತೋರಿಸಿದರು. ಶಿಂಗಲ್ ಮೇಲೆ ಮೊಳೆ ಹೊಡೆಯಲು ಒಂದು ಪಟ್ಟಿ ಗುರುತು ಮಾಡಿರುತ್ತಾರೆ. ಅಲ್ಲಿ ಹೊಡೆದರೆ ಮೊಳೆ ಕೆಳಗಿನ ಸಾಲಿನ ಶಿಂಗಲ್‌ನ ಮೇಲಂಚನ್ನೂ ಹಿಡಿಯುತ್ತದೆ, ಅಂದರೆ ಪ್ರತಿ ಶಿಂಗಲ್‌ಗೆ ಎರಡು ಸಾಲಿನ ಮೊಳೆ ಸಿಗುತ್ತದೆ. ನಮ್ಮದರಲ್ಲಿ ತೂತು ಪಟ್ಟಿಗಿಂತ ಎರಡು ಇಂಚು ಮೇಲಿತ್ತು. ಅದೂ ನಾಲ್ಕೇ ಮೊಳೆ. ಒಂದು ಮೊಳೆಯಂತೂ ಮೊಳೆ ಹೊಡೆಯುವ ಗನ್ನಿನ ಒತ್ತಡ ಹೆಚ್ಚಾಗಿ ಶಿಂಗಲ್ ಒಳಗೇ ತೂರಿ ಹೋಗಿತ್ತು.

ಇನ್ನೂ ಇತ್ತು. ಎರಡು ಇಳಿಜಾರು ಸೇರುವ ನೆತ್ತಿಯ ಮೇಲೆ ಹಾಕುವ ರಿಡ್ಜ್ ಕ್ಯಾಪ್ ಬೇರೆಯದೇ ಬರುತ್ತದೆ, ಅದರ ಬದಲು ಅಗ್ಗದ ತ್ರೀ-ಟ್ಯಾಬ್ ಶಿಂಗಲ್‌ಗಳನ್ನು ಕತ್ತರಿಸಿ ಮಡಚಿ ಹಾಕಿದ್ದರು. ರೂಫ್ ತೂರಿ ಮೇಲೆ ಬರುವ ಪೈಪ್‌ಗಳ ಬುಡದ ರಬ್ಬರ್ ಹಳೆಯದೇ, ಮೇಲೆ ಬಣ್ಣ ಬಳಿದಿದ್ದರು. ಅಟ್ಟದ ಬಿಸಿಗಾಳಿ ಹೊರಗೆ ಹೋಗಲು ನೆತ್ತಿಯಲ್ಲಿ ಹೊಸ ರಿಡ್ಜ್ ವೆಂಟ್ ಹಾಕಿ, ಹಳೆಯ ತಿರುಗುವ ಟರ್ಬೈನ್‌ಗಳನ್ನೂ ಹಾಗೇ ಬಿಟ್ಟಿದ್ದರು. ಎರಡೂ ಇದ್ದರೆ ಗಾಳಿ ಸೂರಿನಂಚಿನಿಂದ ಬರುವ ಬದಲು ಒಂದರಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತದೆ, ಅಟ್ಟದ ಬಿಸಿ ಅಲ್ಲೇ ಉಳಿಯುತ್ತದೆ. ಟೆಕ್ಸಾಸ್‌ನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಗಾಳಿಯಾಟ ಸರಿ ಇಲ್ಲ ಅಂತ ಶಿಂಗಲ್ ಕಂಪನಿ ವಾರಂಟಿಯನ್ನೂ ನಿರಾಕರಿಸಬಹುದು.

ವಾರಂಟಿ ಅಂದೆನಲ್ಲ, ಲೈಫ್‌ಟೈಮ್ ಅನ್ನುವ ಮಾತಿಗೆ ಮರುಳಾಗಬೇಡಿ. ಅದು ತಯಾರಿಕೆಯ ದೋಷಕ್ಕೆ ಮಾತ್ರ. ಆಲಿಕಲ್ಲಿಗೆ ಇಲ್ಲ, ತಪ್ಪಾಗಿ ಹೊಡೆದ ಮೊಳೆಗೆ ಇಲ್ಲ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಮೊದಲ 10 ವರ್ಷ ಪೂರ್ತಿ ಸಿಗುತ್ತದೆ, ಆಮೇಲೆ ವರ್ಷ ವರ್ಷ ಕರಗುತ್ತ ಹೋಗುತ್ತದೆ. ಗಾಳಿಯ ವಾರಂಟಿಯೂ ಅಷ್ಟೇ. ಗಂಟೆಗೆ 130 ಮೈಲಿ ಅಂತ ದೊಡ್ಡದಾಗಿ ಬರೆದಿರುತ್ತದೆ, ಎಷ್ಟೋ ಸಲ ಅದಕ್ಕೆ ಆರು ಮೊಳೆ, ಸೂರಿನಂಚಿನ ಮೊದಲ ಸಾಲಿಗೆ ಅವರದೇ ಸ್ಟಾರ್ಟರ್ ಪಟ್ಟಿ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತು ಇರುತ್ತದೆ.

ಕ್ಲಾಸ್ 4 ಅಂದರೆ ಏನು ಅಂತಲೂ ತಿಳಿದಿರಲಿ. ಯುಎಲ್ 2218 ಅನ್ನುವ ಪರೀಕ್ಷೆಯಲ್ಲಿ 2 ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಮೇಲಿನಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸುತ್ತಾರೆ. ಶಿಂಗಲ್‌ನ ಹಿಂಬದಿ ಸೀಳಬಾರದು. ಅಷ್ಟು ತಡೆದರೆ ಕ್ಲಾಸ್ 4. ಹಾಗಂತ ಕ್ಲಾಸ್ 4 ಎಲ್ಲವೂ ಒಂದೇ ಅಲ್ಲ. ಸೌತ್ ಕೆರೊಲಿನಾದಲ್ಲಿ ಐಬಿಎಚ್‌ಎಸ್ ಅನ್ನುವ ಸಂಸ್ಥೆಯ ಪ್ರಯೋಗಾಲಯ ಇದೆ, ಇನ್ಶೂರೆನ್ಸ್ ಕಂಪನಿಗಳ ದುಡ್ಡಿನಲ್ಲೇ ನಡೆಯುವಂಥದ್ದು. ಅವರು ಉಕ್ಕಿನ ಗುಂಡು ಬಿಟ್ಟು ಆಲಿಕಲ್ಲಿನಂತೆಯೇ ಮಾಡಿದ ಐಸ್ ಉಂಡೆ ಹೊಡೆದು ನೋಡಿ, 2019ರಿಂದ ಮಾದರಿಗಳ ಹೆಸರು ಹಾಕಿಯೇ ಅಂಕ ಪ್ರಕಟಿಸುತ್ತಿದ್ದಾರೆ. ಕ್ಲಾಸ್ 4 ಮುದ್ರೆ ಇದ್ದೂ ಅಲ್ಲಿ ಕಳಪೆ ಅಂಕ ಪಡೆದವೂ ಇವೆ. ದುಡ್ಡು ಹಾಕುವ ಮುಂಚೆ ಆ ಪಟ್ಟಿ ನೋಡಿ, ಪುಕ್ಕಟೆ ಸಿಗುತ್ತದೆ. ಜೊತೆಗೆ ನಿಮ್ಮ ಇನ್ಶೂರೆನ್ಸ್‌ನವರಿಗೂ ಒಂದು ಪ್ರಶ್ನೆ ಕೇಳಿ. ಪ್ರೀಮಿಯಂ ಕಡಿಮೆ ಮಾಡಿದ್ದಕ್ಕೆ ಬದಲಾಗಿ, ಸೋರದೆ ಬರೀ ಗುರುತು ಬಿದ್ದ ಹಾನಿಗೆ ದುಡ್ಡು ಕೊಡಲ್ಲ ಅನ್ನುವ ಷರತ್ತನ್ನು ಕೆಲವರು ಸೇರಿಸುತ್ತಾರೆ. ಅದು ನಿಮಗೆ ಸರಿಯಾ ಅಂತ ನೀವೇ ನಿರ್ಧಾರ ಮಾಡಿ.

ನಮ್ಮ ಬೀದಿಯ ಇನ್ನೊಂದು ಮನೆಯವರಿಗೆ ರೂಫಿಂಗ್‌ನವರು, ಡಿಡಕ್ಟಿಬಲ್ ನೀವು ಕೊಡುವುದೇ ಬೇಡ, ಬಿಲ್ಲಿನಲ್ಲಿ ಹೊಂದಿಸುತ್ತೇವೆ ಅಂದಿದ್ದರಂತೆ. ಖಂಡಿತ ಒಪ್ಪಬೇಡಿ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ ಇದರ ಬಗ್ಗೆ ಕಟ್ಟುನಿಟ್ಟಿನ ಕಾನೂನು ಇದೆ, ಡಿಡಕ್ಟಿಬಲ್ ಕೊಟ್ಟಿದ್ದಕ್ಕೆ ಸಾಕ್ಷಿ ತೋರಿಸಿ ಅಂತ ಇನ್ಶೂರೆನ್ಸ್‌ನವರು ಕೇಳಬಹುದು. ನಮ್ಮಲ್ಲಿ ಎಷ್ಟೋ ಜನ ವೀಸಾ ಮೇಲೆ ಇರುವವರು, ಇಂಥದ್ದರಲ್ಲಿ ಸಿಕ್ಕಿಕೊಳ್ಳುವುದು ಬೇಡವೇ ಬೇಡ.

ನನ್ನದು ಕೊನೆಗೆ ಏನಾಯಿತು? ನಮ್ಮ ರೂಫರ್‌ಗೆ ಪತ್ರ ಬರೆದೆ, ಫೋಟೊ ಕಳಿಸಿದೆ. ನೀವು ಸಹಿ ಹಾಕಿದ ಕಾಂಟ್ರಾಕ್ಟ್‌ನಲ್ಲಿ ಕ್ಲಾಸ್ 4 ಅಂತ ಎಲ್ಲಿದೆ ತೋರಿಸಿ ಅಂತ ಉತ್ತರ ಬಂತು. ಎಲ್ಲೂ ಇಲ್ಲವಲ್ಲ! ಆ ಹುಡುಗ ಕೆಲಸ ಬಿಟ್ಟಿದ್ದಾನೆ ಅಂದರು. ಆಗಸ್ಟ್ ಹೊತ್ತಿಗೆ ಫೋನ್ ಎತ್ತುವುದೂ ನಿಂತಿತು. ಬೇರೆಯವರಿಂದ ರಿಡ್ಜ್ ಕ್ಯಾಪ್, ಪೈಪ್ ರಬ್ಬರ್, ಬಿದ್ದುಹೋದ ಕಡೆ ಶಿಂಗಲ್ ಎಲ್ಲ ಸರಿ ಮಾಡಿಸಲು ಇನ್ನೂ 1,600 ಡಾಲರ್ ಆಯಿತು. ಉಳಿದ ಮೊಳೆಗಳು ಹಾಗೇ ಇವೆ. ರಾತ್ರಿ ಗಾಳಿ ಎದ್ದರೆ ನನ್ನ ಹೆಂಡತಿಗೆ ಎಚ್ಚರ ಆಗುತ್ತದೆ, ಎದ್ದು ಕಿಟಕಿ ಹತ್ತಿರ ಹೋಗಿ ನಿಂತುಕೊಳ್ಳುತ್ತಾಳೆ.

ಈಗ ನಾನು ಯಾರು ಕೇಳಿದರೂ ಹೇಳುವುದು ಇದು. ಕಾಂಟ್ರಾಕ್ಟ್‌ನಲ್ಲಿ ಶಿಂಗಲ್‌ನ ಕಂಪನಿ, ಮಾದರಿಯ ಪೂರ್ತಿ ಹೆಸರು, ಯುಎಲ್ 2218 ಕ್ಲಾಸ್ 4, ಒಂದಕ್ಕೆ ಎಷ್ಟು ಮೊಳೆ, ರಿಡ್ಜ್ ಕ್ಯಾಪ್ ಯಾವುದು, ಪಿಸಿ068 ಫಾರ್ಮ್‌ಗೆ ಸಹಿ ಮಾಡಿ ಕೊಡುತ್ತೇವೆ, ಇಷ್ಟೂ ಅಕ್ಷರದಲ್ಲಿ ಇರಲಿ. ಸುಮ್ನೆ ಬಾಯಿ ಮಾತು ಬೇಡ. ಹಾಕುವ ದಿನ ರಜೆ ತೆಗೆದುಕೊಳ್ಳಿ. ಕಟ್ಟುಗಳು ಮನೆ ಮುಂದೆ ಬಂದ ಕೂಡಲೇ, ಹಳೆಯ ರೂಫ್ ಕೀಳುವುದಕ್ಕೆ ಮುಂಚೆಯೇ, ಹೊದಿಕೆ ಓದಿ ಫೋಟೊ ತೆಗೆಯಿರಿ. ಹಳೆಯದನ್ನು ಕಿತ್ತ ಮೇಲೆ ತಗಾದೆ ತೆಗೆಯಲು ಆಗಲ್ಲ, ಆಕಾಶದಲ್ಲಿ ಮೋಡ ಇರುತ್ತೆ. ಹೆಚ್ಚಿನ ಪಾಲಿಸಿಗಳಲ್ಲಿ ಇನ್ಶೂರೆನ್ಸ್‌ನವರು ಎರಡು ಚೆಕ್ ಕೊಡುತ್ತಾರೆ, ಎರಡನೆಯದು ಕೆಲಸ ಮುಗಿದ ಮೇಲೆ. ರೂಫರ್‌ಗೂ ಕೊನೆಯ ಕಂತನ್ನು ಬೇರೆ ಇನ್‌ಸ್ಪೆಕ್ಟರ್ ಒಬ್ಬರು ಹತ್ತಿ ನೋಡಿದ ಮೇಲೆ, ಫಾರ್ಮ್ ಕೈಗೆ ಬಂದ ಮೇಲೆ, ಸಾಮಾನು ಕೊಟ್ಟ ಅಂಗಡಿಗೆ ಬಾಕಿ ಇಲ್ಲ ಅನ್ನುವ ಪತ್ರ ಸಿಕ್ಕ ಮೇಲೆ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಳ್ಳಿ. ಕೆಲಸ ಗೊತ್ತಿರುವ ರೂಫರ್ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ. ನಮ್ಮ ರಿಪೇರಿ ಮಾಡಿದವರು ತಾವೇ ಕಟ್ಟು ಬಿಚ್ಚುವ ಮುಂಚೆ ನನ್ನನ್ನು ಕರೆದು, ಓದಿಕೊಳ್ಳಿ ಸರ್ ಅಂದರು.

ಮುಂದಿನ ಮಾರ್ಚ್‌ಗೆ ಇನ್ನು ಕೆಲವೇ ವಾರ ಇದೆ. ನಿಮ್ಮ ಹತ್ತಿರ ಯಾರಾದರೂ ಸಹಿ ಕೇಳುತ್ತಿದ್ದರೆ, ಹಾಕುವ ಮುಂಚೆ ಆ ಕಾಗದ ನನಗೆ ಕಳಿಸಿ. ಸಂಜೆ ಆರರ ಮೇಲೆ ಬಿಡುವಾಗಿರುತ್ತೇನೆ, ಒಟ್ಟಿಗೆ ಕೂತು ಓದೋಣ.