ದಿಂಬಿಲ್ಲದ ಕುರ್ಚಿ, ಇಬ್ಬರ ಕೈಕೆಲಸ

ಈ ಕುರ್ಚಿ ನೋಡಿದವರು ಮೊದಲು ಕೇಳೋದು, "ದಿಂಬಿಲ್ವಾ?" ಅಂತ. ಇಲ್ಲ, ಬೇಕಾಗೂ ಇಲ್ಲ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಮಾಡಿದ ಎಲ್‌ಸಿಡಬ್ಲ್ಯೂ ಇದು, ಅಂದರೆ 'ಲೌಂಜ್ ಚೇರ್ ವುಡ್', ಒರಗಿ ಕೂರುವ ಮರದ ಕುರ್ಚಿ. ಬರೀ ಬಾಗಿಸಿದ ಪ್ಲೈವುಡ್. ಮೂರು ವರ್ಷದಿಂದ ದಿನಾ ಸಂಜೆ ಇದರಲ್ಲೇ ಕೂತು ಓದುತ್ತೇನೆ.

ಕೊಂಡ ದಿನವೇ ಇದನ್ನು ತಲೆಕೆಳಗು ಮಾಡಿ ನೋಡಿದ್ದೆ. ಸೀಟು ಬೇರೆ, ಬೆನ್ನಿನ ಹಲಗೆ ಬೇರೆ. ಎರಡನ್ನೂ ಹಿಡಿದಿರುವುದು ಬಾಗಿದ ಒಂದು ಮರದ ಪಟ್ಟಿ. ನಡುವೆ ರಬ್ಬರ್ ಬಿಲ್ಲೆಗಳು. ಒರಗಿದರೆ ಹಲಗೆ ಒಂಚೂರು ಹಿಂದಕ್ಕೆ ಜಗ್ಗುತ್ತದೆ, ಎದ್ದರೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸೀಟಿನ ಮುಂದಿನ ಅಂಚು ಕೆಳಕ್ಕೆ ಬಾಗಿರುವುದರಿಂದ ತೊಡೆಗೆ ಒತ್ತುವುದಿಲ್ಲ. ಎರಡು ಗಂಟೆ ಕೂತರೂ ಕಾಲು ಜೋಮು ಹಿಡಿದಿಲ್ಲ.

ಹೀಗೆ ಎರಡು ತುಂಡಾಗಿದ್ದಕ್ಕೂ ಕಾರಣ ಇದೆ. ಸೀಟು, ಬೆನ್ನು ಎರಡನ್ನೂ ಒಂದೇ ಹಾಳೆಯಲ್ಲಿ ಬಾಗಿಸಬೇಕು ಅನ್ನೋದು ಅವರ ಮೊದಲ ಆಸೆ. ಆದರೆ ಎರಡೂ ಸೇರುವ ತಿರುವಿನಲ್ಲಿ ಮರ ಸೀಳುತ್ತಿತ್ತು. 1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಬಂದವರು, ಮನೆಯೊಳಗೇ ಒಂದು ಅಚ್ಚಿನ ಯಂತ್ರ ಕಟ್ಟಿಕೊಂಡಿದ್ದರು. ಅದಕ್ಕೆ 'ಕಝಾಮ್' ಅಂತ ಹೆಸರು. ಅಂಟು ಹಚ್ಚಿದ ತೆಳು ಪದರಗಳನ್ನು ಅಚ್ಚಿನ ಮೇಲಿಟ್ಟು, ಸೈಕಲ್ ಪಂಪಿನಿಂದ ಗಾಳಿ ತುಂಬಿ ಒತ್ತುತ್ತಿದ್ದರು! ಎರಡನೇ ಮಹಾಯುದ್ಧ ಬಂದಾಗ ಅದೇ ಕೌಶಲದಿಂದ ಅಮೆರಿಕದ ನೌಕಾಪಡೆಗೆ, ಮುರಿದ ಕಾಲಿಗೆ ಕಟ್ಟುವ ಪ್ಲೈವುಡ್ ಪಟ್ಟಿಗಳನ್ನು ಮಾಡಿಕೊಟ್ಟರು. ಮರವನ್ನು ಎಲ್ಲಿ ಬಾಗಿಸಬಹುದು, ಎಲ್ಲಿ ಕೊಯ್ದು ಬಿಡಬೇಕು ಅನ್ನೋದು ಅಲ್ಲಿ ಕೈಗೆ ಹತ್ತಿತು. ನನ್ನ ಬೆನ್ನಿಗೀಗ ತಾಗುವುದು ಆ ಪಾಠವೇ.

ನನಗೆ ಬೇಜಾರಾಗುವ ಮಾತೊಂದಿದೆ. 1946ರಲ್ಲಿ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂ ಈ ಕುರ್ಚಿಗಳ ಪ್ರದರ್ಶನ ಇಟ್ಟಾಗ, ಅದರ ಶೀರ್ಷಿಕೆಯಲ್ಲಿ ಇದ್ದದ್ದು ಚಾರ್ಲ್ಸ್ ಹೆಸರು ಮಾತ್ರ. ರೇ ಚಿತ್ರಕಲಾವಿದೆ. ಹೆಸರಾಂತ ಚಿತ್ರಕಲಾ ಗುರು ಹಾನ್ಸ್ ಹಾಫ್‌ಮನ್ ಹತ್ತಿರ ವರ್ಷಗಟ್ಟಲೆ ಕಲಿತವರು. ಬೆನ್ನಿನ ಹಲಗೆಯ ಆಕಾರ ನೋಡಿ, ಒಂದು ಮೂಲೆಯೂ ಇಲ್ಲ. ಉರುಟೂ ಅಲ್ಲ, ಚೌಕವೂ ಅಲ್ಲ, ನೀರಲ್ಲಿ ಸವೆದ ಕಲ್ಲಿನ ಹಾಗಿದೆ. ಇದರಲ್ಲಿ ಗಂಡನದೆಷ್ಟು, ಹೆಂಡತಿಯದೆಷ್ಟು ಅಂತ ಗೆರೆ ಎಳೆಯೋಕೆ ಆಗಲ್ಲ. ಎಳೆಯಲೂಬಾರದು ಅಂತ ನನ್ನ ಅನಿಸಿಕೆ.

ಕೊಳ್ಳುವವರಿಗೆ ಎರಡು ಮಾತು. ಸೀಟು ತುಂಬಾ ಕೆಳಗಿದೆ, ಕೈ ಊರಲು ಆಸರೆಯೂ ಇಲ್ಲ. ಮಂಡಿನೋವಿರುವ ನಮ್ಮ ಅತ್ತೆಗೆ ಇದರಿಂದ ಏಳೋದು ಕಷ್ಟ. ಊಟಕ್ಕೆ, ಲ್ಯಾಪ್‌ಟಾಪ್ ಕೆಲಸಕ್ಕೆ ಇದು ಬೇಡ. ಹಳೆಯದು ಕೊಳ್ಳುವುದಾದರೆ ಬೆನ್ನಿನ ರಬ್ಬರ್ ಬಿಲ್ಲೆಗಳನ್ನು ಮೊದಲು ಮುಟ್ಟಿ ನೋಡಿ. ನಾನು ಹಾಗೆ ಮುಟ್ಟಿ ನೋಡದೆ ತಂದಿದ್ದೆ. ಎರಡನೇ ತಿಂಗಳಲ್ಲೇ ಒಂದು ಬಿಲ್ಲೆಯ ಅಂಟು ಬಿಟ್ಟಿತು, ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸದು ತರಿಸಿ, ಹಳೇ ಅಂಟನ್ನು ಪೂರ್ತಿ ಕೆರೆದು, ನಾನು ಮತ್ತು ನಮ್ಮವರು ಸೇರಿ ಕೂರಿಸಿದೆವು. ಅವರು ಹಲಗೆ ಒತ್ತಿ ಹಿಡಿದರು, ನಾನು ಕ್ಲ್ಯಾಂಪ್ ತಿರುಗಿಸಿದೆ. ಇವತ್ತಿನವರೆಗೂ ಅಲುಗಾಡಿಲ್ಲ.