ಹೇರ್ ಪ್ಯಾಚ್ ಕೂರಿಸಲು ಕ್ಲಿಪ್ಪೋ, ಟೇಪೋ, ಗ್ಲೂವೋ? ಮೂರನ್ನೂ ಬಳಸಿ ನೋಡಿದ ಮೇಲೆ

ಹೇರ್ ಪ್ಯಾಚ್, ಅಂದರೆ ತಲೆಯ ಬೋಳಾದ ಜಾಗವನ್ನು ಮುಚ್ಚುವ ಕೂದಲಿನ ತುಂಡು, ಕೊಳ್ಳಲು ಹೋದವರೆಲ್ಲ ಮೊದಲು ಕೂದಲನ್ನೇ ನೋಡುತ್ತಾರೆ. ಬಣ್ಣ ಹೊಂದುತ್ತಾ, ಮುಂಗೂದಲು ಸಹಜವಾಗಿ ಕಾಣುತ್ತಾ ಎಂದು ಕನ್ನಡಿ ಮುಂದೆ ತಲೆ ತಿರುಗಿಸಿ ತಿರುಗಿಸಿ ಪರೀಕ್ಷಿಸುತ್ತಾರೆ. ಅದನ್ನು ತಲೆಯ ಮೇಲೆ ಹೇಗೆ ನಿಲ್ಲಿಸುವುದು ಎಂಬ ಮಾತು ಬಂದಾಗ ಮಾತ್ರ ಸಲೂನ್‌ನವರು ಹೇಳಿದ್ದಕ್ಕೆ ಹೂಂ ಅಂದು ಎದ್ದು ಬರುತ್ತಾರೆ. ನನ್ನ ಪ್ರಕಾರ ಕೂದಲಿಗಿಂತ ದೊಡ್ಡ ತೀರ್ಮಾನ ಇದೇ. ಕೂದಲು ಎಷ್ಟೇ ಚೆನ್ನಾಗಿರಲಿ, ಗಾಳಿ ಬೀಸಿದಾಗಲೆಲ್ಲ ಕೈ ತಾನಾಗಿ ಹಣೆಗೆ ಹೋಗುತ್ತಿದ್ದರೆ ಏನು ಪ್ರಯೋಜನ?

ನನ್ನ ತಲೆಯ ಕಥೆ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಮತ್ತು ನೆತ್ತಿಯಲ್ಲಿ ಕೂದಲಿಲ್ಲ. ಪಕ್ಕದಲ್ಲಿ, ಹಿಂದೆ ದಟ್ಟವಾಗಿದೆ. ಕೆಲಸ ಬೆಂಗಳೂರಲ್ಲಿ, ಓಡಾಟ ಸ್ಕೂಟರ್‌ನಲ್ಲಿ, ಅಂದರೆ ದಿನಾ ಹೆಲ್ಮೆಟ್. ಊರು ಕುಂದಾಪುರದ ಕಡೆ. ಅಲ್ಲಿಗೆ ಹೋದರೆ ಸೆಖೆ, ಬೆವರು, ಉಪ್ಪುಗಾಳಿ. ಇದಕ್ಕೆ ಎಣ್ಣೆಚರ್ಮ ಬೇರೆ. ನಿಮ್ಮದು ಒಣ ಚರ್ಮವಾಗಿದ್ದು ಎಸಿ ಕಾರಲ್ಲಿ ಓಡಾಡುವವರಾದರೆ ಇಲ್ಲಿ ನಾನು ಹೇಳುವ ಅವಧಿಗಳಿಗಿಂತ ಜಾಸ್ತಿ ದಿನ ನಿಮಗೆ ಸಿಗುತ್ತದೆ.

ಬೇಸ್, ಅಂದರೆ ಪ್ಯಾಚ್‌ನ ಕೂದಲನ್ನು ಕಟ್ಟಿರುವ ತಳ, ಅದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಆಗುವುದಿಲ್ಲ, ಯಾಕಂದರೆ ಯಾವ ಬೇಸ್‌ಗೆ ಯಾವ ಅಂಟು ಎನ್ನುವುದೇ ಅರ್ಧ ವಿಷಯ. ಮೋನೋ ಅಂದರೆ ಗಟ್ಟಿ ಬಲೆ. ಬಾಳಿಕೆ ಹೆಚ್ಚು, ಆದರೆ ಸ್ವಲ್ಪ ದಪ್ಪ. ಲೇಸ್ ತುಂಬಾ ನಯವಾದ ಬಲೆ. ಗಾಳಿ ಆಡುತ್ತದೆ, ಕೆಳಗಿನ ಚರ್ಮ ಕಾಣುತ್ತದೆ, ಹಾಗಾಗಿ ಮುಂಭಾಗಕ್ಕೆ ಅದರಷ್ಟು ಸಹಜ ಬೇರೆ ಇಲ್ಲ. ಪಿಯು (ಪಾಲಿಯುರೆಥೇನ್) ಅಥವಾ ಸ್ಕಿನ್ ಬೇಸ್ ಪಾರದರ್ಶಕ ಹಾಳೆ. 0.03 ಮಿಲಿಮೀಟರಿನಷ್ಟು ತೆಳ್ಳಗಿನದೂ ಸಿಗುತ್ತದೆ, 0.08ರದ್ದೂ ಸಿಗುತ್ತದೆ. ತೆಳುವಾದಷ್ಟೂ ಸಹಜ, ಆದರೆ ಅಷ್ಟೇ ಬೇಗ ಹರಿಯುತ್ತದೆ. ನಾನು ಕ್ಲಿಪ್ ಹಾಕಿದ್ದು ಮೋನೋ ಪ್ಯಾಚ್‌ಗೆ. ಟೇಪ್ ಮತ್ತು ಗ್ಲೂ ಬಳಸಿದ್ದು ಮುಂದೆ ಲೇಸ್, ಪಕ್ಕ ಮತ್ತು ಹಿಂದೆ ಪಿಯು ಪಟ್ಟಿ ಇರುವ ಪ್ಯಾಚ್‌ಗೆ.

ಕ್ಲಿಪ್‌ನ ಹಿತ ಒಂದೇ ಮಾತಲ್ಲಿ ಹೇಳಬಹುದು: ರಾತ್ರಿ ತೆಗೆದಿಟ್ಟು ಮಲಗಬಹುದು. ಬೇಸ್‌ನ ಅಂಚಿಗೆ ಹೊಲಿದ ಸಣ್ಣ ಕ್ಲಿಪ್‌ಗಳನ್ನು ಪಕ್ಕದ ಕೂದಲಿಗೆ ಟಕ್ ಅಂತ ಒತ್ತಿದರೆ ಆಯಿತು. ಅಂಟಿಲ್ಲ, ರಾಸಾಯನಿಕ ಇಲ್ಲ, ತಲೆ ಬೋಳಿಸಬೇಕಾಗಿಲ್ಲ. ಸ್ನಾನ ನೆಮ್ಮದಿಯಾಗಿ ಆಗುತ್ತದೆ. ಪ್ಯಾಚ್ ನಮಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡಬೇಕೆನ್ನುವ ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಮುಂದಿನ ಕೂದಲು ಹೋದವರಿಗೆ ಕ್ಲಿಪ್ ಹಾಕಲು ಮುಂದೆ ಜಾಗವೇ ಇಲ್ಲ, ಅಲ್ವಾ? ಹಿಡಿತವೆಲ್ಲ ಪಕ್ಕ ಮತ್ತು ಹಿಂದೆ. ಹಣೆಯ ಅಂಚು ಸುಮ್ನೆ ಕೂತಿರುತ್ತದೆ. ಎದುರುಗಾಳಿಗೆ ಅದು ಏಳುತ್ತದೆ. ಹೆಲ್ಮೆಟ್ ತೆಗೆಯುವಾಗ ಇಡೀ ಪ್ಯಾಚ್ ಒಂದು ಬೆರಳಷ್ಟು ಹಿಂದಕ್ಕೆ ಜರುಗುತ್ತದೆ. ಇನ್ನೊಂದು ತೊಂದರೆ ನಿಧಾನವಾಗಿ ಬರುವಂಥದ್ದು. ದಿನಾ ಒಂದೇ ಜಾಗದ ಕೂದಲನ್ನು ಕ್ಲಿಪ್ ಎಳೆಯುತ್ತಿದ್ದರೆ ಅಲ್ಲಿನ ಬೇರು ಸೋತು, ಇರುವ ಕೂದಲೂ ಉದುರತೊಡಗುತ್ತದೆ. ಚರ್ಮವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯ ಎನ್ನುತ್ತಾರೆ. ಬಹಳ ಕಾಲ ಹೀಗೇ ಎಳೆದರೆ ಹೋದದ್ದು ತಿರುಗಿ ಬರದೆಯೂ ಇರಬಹುದು. ಕ್ಲಿಪ್‌ನ ಜಾಗ ಆಗಾಗ ಬದಲಿಸಿ ಹೊಲಿಸಿಕೊಳ್ಳಿ. ಕ್ಲಿಪ್ ಹಾಕಿದವರು ಎಂಆರ್‌ಐಗೆ ಹೋಗುವ ಮುಂಚೆ ಪ್ಯಾಚ್ ತೆಗೆಯಲೇಬೇಕು, ಅದು ಲೋಹ. ನಾಚಿಕೆಗೆ ಹೇಳದೆ ಇರಬೇಡಿ.

ಪಕ್ಕದ ಕೂದಲಿಗೆ ಪ್ಯಾಚನ್ನು ಹೆಣೆದು ಹೊಲಿಯುವ ವೀವಿಂಗ್ ಎಂಬ ಇನ್ನೊಂದು ವಿಧಾನ ಇದೆ. ಅದನ್ನು ನಾನು ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ. ಕೂದಲು ಬೆಳೆದಂತೆ ಹೊಲಿಗೆ ಸಡಿಲವಾಗುತ್ತದೆ, ಕೆಳಗಿನ ಚರ್ಮ ಸರಿಯಾಗಿ ತೊಳೆಯಲು ಬರುವುದಿಲ್ಲ, ಎಳೆತ ಹಗಲೂ ರಾತ್ರಿ ಇರುತ್ತದೆ.

ಈಗ ಟೇಪ್. ನಾನು ಹೆಚ್ಚು ಕಾಲ ಬಳಸಿದ್ದು ಇದನ್ನೇ, ಇಂದಿಗೂ ಬಳಸುತ್ತಿರುವುದೂ ಇದನ್ನೇ. ಪ್ಯಾಚ್‌ಗೆಂದೇ ಮಾಡಿದ ಎರಡೂ ಬದಿ ಅಂಟುವ ಟೇಪ್ ಇದು. ಸ್ಟೇಷನರಿ ಅಂಗಡಿಯ ಡಬಲ್ ಸೈಡ್ ಟೇಪ್ ಅಲ್ಲ, ಅದನ್ನು ಚರ್ಮಕ್ಕೆ ಹಾಕಲೇಬೇಡಿ. ಅಮೆರಿಕದ ವಾಕರ್ ಟೇಪ್ ಕಂಪನಿಯದು ನಮ್ಮಲ್ಲೂ ಸಿಗುತ್ತದೆ. ಅದರಲ್ಲಿ ಮೂರು ಬಗೆ ಬಳಸಿದ್ದೇನೆ. ಅಲ್ಟ್ರಾ ಹೋಲ್ಡ್ ಗಟ್ಟಿ ಹಿಡಿತದ್ದು. ಪಿಯು ಪಟ್ಟಿಗೆ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ, ಆದರೆ ಲೇಸ್‌ನ ಕೆಳಗೆ ಹಾಕಿದರೆ ಬಿಸಿಲಲ್ಲಿ ಹೊಳೆಯುತ್ತದೆ. ನೋ ಶೈನ್ ಹೆಸರಿಗೆ ತಕ್ಕಂತೆ ಹೊಳೆಯುವುದಿಲ್ಲ, ಸ್ವಲ್ಪ ಮೆತ್ತಗಿನ ಅಂಟು. ಮೂರನೆಯದು ಲೇಸ್‌ಗೆಂದೇ ಇರುವ ನೀಲಿ ಹಾಳೆಯ ಟೇಪ್. ಸಲೂನ್‌ಗಳಲ್ಲಿ ಬ್ಲೂ ಟೇಪ್ ಅಂದರೆ ಗೊತ್ತಾಗುತ್ತದೆ. ಹಣೆಯ ಅಂಚಿಗೆ ನನ್ನ ಆಯ್ಕೆ ಅದು. ಬೆವರಿಗೂ ತಡೆಯುತ್ತದೆ, ತೆಗೆದಾಗ ಬೇಸ್‌ನ ಮೇಲೆ ಜಾಸ್ತಿ ಗಲೀಜು ಬಿಡುವುದಿಲ್ಲ.

ಯಾವ ಟೇಪ್ ಎನ್ನುವುದಕ್ಕಿಂತ ಅಂಟಿಸುವ ಮೊದಲು ತಲೆ ಎಷ್ಟು ಶುಚಿಯಾಗಿದೆ ಎನ್ನುವುದು ಮುಖ್ಯ. ಒಂದೇ ರೋಲ್‌ನ ಟೇಪ್ ಒಂದು ಸಲ ಬೇಗ ಬಿಟ್ಟು, ಇನ್ನೊಂದು ಸಲ ಚೆನ್ನಾಗಿ ನಿಂತಿದ್ದರೆ ವ್ಯತ್ಯಾಸ ಚರ್ಮದ ಜಿಡ್ಡಿನಲ್ಲಿರುತ್ತದೆ. ನಾನು ಮಾಡುವುದು ಹೀಗೆ. ಪ್ಯಾಚ್ ಕೂರುವ ಜಾಗವನ್ನು ಟ್ರಿಮ್ಮರ್‌ನಿಂದ ನುಣ್ಣಗೆ ಮಾಡುತ್ತೇನೆ. ಶ್ಯಾಂಪೂ ಹಾಕಿ ತೊಳೆಯುತ್ತೇನೆ, ಕಂಡಿಷನರ್ ಮುಟ್ಟಿಸುವುದಿಲ್ಲ. ಒರೆಸಿದ ಮೇಲೂ ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಕೂರುತ್ತೇನೆ. ಬಿಸಿನೀರಿನ ಸ್ನಾನದ ನಂತರ ತಲೆ ಇನ್ನೂ ಬೆವರುತ್ತಿರುತ್ತದೆ, ಆಗಲೇ ಅಂಟಿಸಿದರೆ ಬೆವರಿನ ಮೇಲೆ ಅಂಟಿಸಿದ ಹಾಗೆ. ಆಮೇಲೆ 70 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸುತ್ತೇನೆ. ಅದು ಆರಿದ ಮೇಲೆ, ಅಂಟಿಗೂ ಮೊದಲು ಚರ್ಮಕ್ಕೆ ಹಚ್ಚುವ ಸ್ಕಾಲ್ಪ್ ಪ್ರೊಟೆಕ್ಟರ್ ಒಂದು ತೆಳು ಪದರ. ಇದನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. ನನ್ನ ಎಣ್ಣೆಚರ್ಮಕ್ಕಂತೂ ಇದು ಬೇಕೇ ಬೇಕು.

ಟೇಪ್ ತುಂಡುಗಳನ್ನು ಬೇಸ್‌ಗೆ ಹಚ್ಚುವಾಗ ಒಂದರ ಮೇಲೊಂದು ಬರಬಾರದು. ಬಂದರೆ ಅಲ್ಲಿ ಉಬ್ಬುತ್ತದೆ. ಹಿಂದೆ ಮತ್ತು ಪಕ್ಕದಲ್ಲಿ ತುಂಡುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟರೆ ಬೆವರು ಹೊರಗೆ ಬರಲು ದಾರಿ ಸಿಗುತ್ತದೆ. ಮುಂದೆ ಮಾತ್ರ ಜಾಗ ಬಿಡಬೇಡಿ. ಹುಬ್ಬಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟರೆ ಹಣೆಯ ಗೆರೆ ಎಲ್ಲಿರಬೇಕು ಎಂದು ಸರಿಸುಮಾರು ತಿಳಿಯುತ್ತದೆ. ಅದಕ್ಕಿಂತ ಕೆಳಗೆ ತಂದರೆ ಹರೆಯದವರಂತೆ ಕಾಣುವುದಿಲ್ಲ, ಟೋಪಿ ಇಟ್ಟಂತೆ ಕಾಣುತ್ತದೆ. ಮುಂಭಾಗ ಮೊದಲು ಕೂರಿಸಿ, ಚಾಪೆ ಬಿಚ್ಚಿದಂತೆ ಹಿಂದಕ್ಕೆ ಇಳಿಸುತ್ತಾ ಹೋಗಿ. ನಂತರ ಅಂಚಿನುದ್ದಕ್ಕೂ ಬೆರಳಿನಿಂದ ಬಲವಾಗಿ ಒತ್ತಿ. ಈ ಅಂಟು ಒತ್ತಡಕ್ಕೆ ಹಿಡಿಯುವಂಥದ್ದು, ಸುಮ್ನೆ ಇಟ್ಟರೆ ಹಿಡಿಯುವುದಿಲ್ಲ. ಮೊದಲ 24 ಗಂಟೆ ತಲೆಗೆ ನೀರು ಬೇಡ, ವ್ಯಾಯಾಮವೂ ಬೇಡ. ಹಾಗಾಗಿ ನಾನು ಶನಿವಾರ ಸಂಜೆ ಈ ಕೆಲಸ ಇಟ್ಟುಕೊಳ್ಳುತ್ತೇನೆ.

ಬೆಂಗಳೂರಿನ ಚಳಿಗಾಲದಲ್ಲಿ ಟೇಪ್ ವಾರಗಟ್ಟಲೆ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ, ದಿನಾ ಹೆಲ್ಮೆಟ್ ಹಾಕಿದರೆ ಅದರ ಅರ್ಧ. ಊರಿಗೆ ಹೋದಾಗ ಅದೂ ಇಲ್ಲ. ಅಂಚು ಎದ್ದರೂ ದೊಡ್ಡ ಚಿಂತೆಯಿಲ್ಲ. ಎದ್ದ ಜಾಗಕ್ಕೆ ಒಂದು ತುಂಡು ಹೊಸ ಟೇಪ್ ಹಾಕಿ ಆಫೀಸಿನ ಬಾತ್‌ರೂಮಿನಲ್ಲೇ ಸರಿಮಾಡಿಕೊಳ್ಳಬಹುದು. ಗ್ಲೂ ಜೊತೆ ಇದು ಸಾಧ್ಯವಿಲ್ಲ. ನನ್ನ ಇಡೀ ಹೋಲಿಕೆಯಲ್ಲಿ ಟೇಪ್ ಗೆದ್ದದ್ದು ಇಲ್ಲೇ.

ಗ್ಲೂ ಬಗ್ಗೆ ನ್ಯಾಯವಾಗಿ ಹೇಳಬೇಕು. ನೋಟದಲ್ಲಿ ಅದಕ್ಕೆ ಸಾಟಿಯಿಲ್ಲ. ಲೇಸ್‌ನ ಅಂಚು ಚರ್ಮದಲ್ಲಿ ಕರಗಿಹೋದಂತೆ ಕಾಣುತ್ತದೆ. ಕೂದಲನ್ನು ಹಿಂದಕ್ಕೆ ಬಾಚಿ ಹಣೆಯನ್ನು ಪೂರ್ತಿ ತೋರಿಸಬಹುದು. ಟೇಪ್‌ನಲ್ಲಿ ನನಗೆ ಆ ಧೈರ್ಯ ಬರುವುದಿಲ್ಲ, ಸ್ವಲ್ಪ ಕೂದಲನ್ನು ಮುಂದಕ್ಕೆ ಬಿಟ್ಟುಕೊಳ್ಳುತ್ತೇನೆ. ನಾನು ಬಳಸಿದ್ದು ಘೋಸ್ಟ್ ಬಾಂಡ್. ನೀರು ಆಧಾರಿತ ಅಂಟು, ಹಚ್ಚಿದಾಗ ಹಾಲಿನಂತೆ ಬಿಳಿ, ಆರಿದಂತೆ ಪಾರದರ್ಶಕ. ತೆಳು ಪದರ ಹಚ್ಚಬೇಕು, ಬಿಳಿ ಹೋಗುವವರೆಗೆ ಕಾಯಬೇಕು, ಮತ್ತೆ ಹಚ್ಚಬೇಕು. ಹೀಗೆ ಮೂರ್ನಾಲ್ಕು ಪದರ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಆರಿ ಒಳಗೆ ಹಸಿಯಾಗೇ ಉಳಿಯುತ್ತದೆ, ಮಾರನೇ ದಿನವೇ ಜಾರುತ್ತದೆ.

ಇಲ್ಲಿ ನಮ್ಮ ಹವೆ ನೇರವಾಗಿ ಅಡ್ಡ ಬರುತ್ತದೆ. ಈ ಅಂಟಿನಲ್ಲಿರುವ ನೀರು ಗಾಳಿಗೆ ಆರಬೇಕು. ಬೆಂಗಳೂರಿನ ಒಣ ಹವೆಯಲ್ಲಿ ಪದರಕ್ಕೆ ಕೆಲವೇ ನಿಮಿಷ ಸಾಕು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಕರಾವಳಿಯ ಮನೆಯಲ್ಲಿ ಕೂತರೆ, ಬಟ್ಟೆಯೇ ಒಣಗದ ದಿನಗಳಲ್ಲಿ ಗ್ಲೂ ಎಲ್ಲಿ ಆರಬೇಕು? ಫ್ಯಾನ್ ಜೋರಾಗಿ ಹಾಕಿ, ತಾಳ್ಮೆಯಿಂದ ಕಾಯದೆ ಬೇರೆ ದಾರಿಯಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲಕ್ಕೆ ಟೇಪನ್ನೇ ನಂಬುವುದು ಒಳ್ಳೆಯದು.

ಗ್ಲೂವಿನ ನಿಜವಾದ ಕಷ್ಟ ತೆಗೆಯುವಾಗ ಬರುತ್ತದೆ. ಲೇಸ್‌ನ ಸಣ್ಣ ತೂತುಗಳೊಳಗೆ ಅಂಟು ನುಗ್ಗಿ ಕೂದಲಿನ ಬುಡಕ್ಕೆ ಮೆತ್ತಿಕೊಳ್ಳುತ್ತದೆ. ಅಂಟು ಬಿಡಿಸುವ ರಿಮೂವರ್‌ನಲ್ಲಿ ನೆನೆಸಿ, ಮೆತ್ತಗಿನ ಬ್ರಷ್‌ನಿಂದ ಉಜ್ಜಿ, ತೊಳೆದು, ಮತ್ತೆ ನೆನೆಸಿ ಮಾಡುವಷ್ಟರಲ್ಲಿ ಅರ್ಧ ಭಾನುವಾರ ಮುಗಿಯುತ್ತದೆ. ಟೇಪ್ ಆದರೆ ಅಂಚಿಗೆ ರಿಮೂವರ್ ಸಿಂಪಡಿಸಿ, ಅದು ಒಳಗೆ ಇಳಿಯಲು ಬಿಟ್ಟು, ನಿಧಾನಕ್ಕೆ ಎತ್ತಿದರೆ ಬರುತ್ತದೆ. ಯಾವುದೇ ಆಗಲಿ, ಒಣಗಿದ್ದಾಗ ಕಿತ್ತು ಎಳೆಯಬೇಡಿ. ಬೇಸ್ ಹರಿಯುತ್ತದೆ, ಚರ್ಮವೂ ಸುಲಿಯುತ್ತದೆ.

ಹಾಗಾಗಿ ನಾನು ಬಂದು ನಿಂತಿರುವ ವ್ಯವಸ್ಥೆ ಇದು. ಸುತ್ತಲೂ ಟೇಪ್: ಪಕ್ಕ ಮತ್ತು ಹಿಂದೆ ಗಟ್ಟಿಯದು, ಹಣೆಗೆ ನೀಲಿ ಹಾಳೆಯದು. ಮದುವೆ, ಗೃಹಪ್ರವೇಶ, ಹತ್ತಿರದಿಂದ ಫೋಟೋ ತೆಗೆಯುವ ಸಮಾರಂಭ ಇದ್ದರೆ ಹಣೆಯ ಅಂಚಿಗೆ ಮಾತ್ರ ಗ್ಲೂ. ಪೂರ್ತಿ ತಲೆಗೆ ಗ್ಲೂ ಹಚ್ಚುವುದು ಸಲೂನ್‌ಗೆ ಲಾಭ, ಯಾಕಂದರೆ ತೆಗೆಸಲು ನಾವು ತಿಂಗಳು ತಿಂಗಳು ಸರ್ವಿಸಿಂಗ್‌ಗೆ ಹೋಗಬೇಕಾಗುತ್ತದೆ. ಪ್ಯಾಚ್ ಹಾಕಿ ಧೈರ್ಯವಾಗಿ ಓಡಾಡಲು ಬೇಕಾದದ್ದು ಅತಿ ಗಟ್ಟಿ ಅಂಟು ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕೈಯಿಂದಲೇ ತೆಗೆದು, ತೊಳೆದು, ಮತ್ತೆ ಕೂರಿಸಲು ಬರಬೇಕು. ಬಿಟ್ಟುಹೋದರೂ ಹತ್ತು ನಿಮಿಷದಲ್ಲಿ ಸರಿಮಾಡಬಲ್ಲೆ ಎಂದು ಗೊತ್ತಿದ್ದವರು ಕನ್ನಡಿ ನೋಡುವುದು ಕಡಿಮೆ ಮಾಡುತ್ತಾರೆ. ಸಲೂನ್‌ನ ಹುಡುಗರು ಒಳ್ಳೆಯವರೇ. "ಅಣ್ಣ, ಒಂದ್ಸಲ ನಿಧಾನಕ್ಕೆ ತೋರಿಸಿಕೊಡಿ" ಅಂದರೆ ಬಹಳ ಮಂದಿ ತೋರಿಸಿಕೊಡುತ್ತಾರೆ. ಕೇಳಿ.

ಹೆಲ್ಮೆಟ್ ಬಗ್ಗೆ. ಪಟ್ಟಿಗಳನ್ನು ಎರಡೂ ಕಡೆ ಅಗಲಿಸಿ ನೇರವಾಗಿ ಇಳಿಸಿ, ನೇರವಾಗಿ ಎತ್ತಿ. ಹಣೆಯಿಂದ ಹಿಂದಕ್ಕೆ ಉಜ್ಜುವಂತೆ ತೆಗೆದರೆ ಯಾವ ಅಂಟಾದರೂ ಮುಂದಿನಿಂದ ಏಳುತ್ತದೆ. ಒಳಗೆ ತೆಳು ಹತ್ತಿ ಟೋಪಿ ಹಾಕಿದರೆ ಬೆವರನ್ನೂ ಹೀರುತ್ತದೆ, ಕೂದಲು ಉಜ್ಜುವುದನ್ನೂ ತಡೆಯುತ್ತದೆ. ಅಂಟು ಬಿಡುತ್ತದೆ ಎಂದು ಹೆಲ್ಮೆಟ್ ತಪ್ಪಿಸುವುದು ಮಾತ್ರ ಬೇಡ.

ಎಣ್ಣೆ ಇನ್ನೊಂದು ದೊಡ್ಡ ಶತ್ರು. ತೆಂಗಿನೆಣ್ಣೆ ಅಂಚಿಗೆ ತಾಗಿದರೆ ಟೇಪೂ ಗ್ಲೂವೂ ಎರಡೂ ಸಡಿಲವಾಗುತ್ತವೆ. ದೀಪಾವಳಿಯ ಎಣ್ಣೆಸ್ನಾನವನ್ನು ನಾನು ಬಿಟ್ಟಿಲ್ಲ. ಹಿಂದಿನ ರಾತ್ರಿ ಪ್ಯಾಚ್ ತೆಗೆದಿಟ್ಟು, ಬೆಳಿಗ್ಗೆ ಅಮ್ಮ ಎಣ್ಣೆ ಹಚ್ಚಿದ ಮೇಲೆ ಸೀಗೆಪುಡಿ ಹಾಕಿ ಮಿಂದು, ಜಿಡ್ಡು ಪೂರ್ತಿ ಹೋದದ್ದು ಖಾತ್ರಿಯಾದ ಮೇಲಷ್ಟೇ ಕೂರಿಸಿಕೊಳ್ಳುತ್ತೇನೆ. ಮನೆಯವರಿಗೆ ಗೊತ್ತಿದ್ದರೆ ಇದೆಲ್ಲ ಎಷ್ಟು ಹಗುರ ನೋಡಿ. ಹೆಂಡತಿಗೋ ಅಮ್ಮನಿಗೋ ಹೇಳಿಬಿಡಿ. ಹಿಂಭಾಗ ನೇರವಾಗಿ ಕೂತಿದೆಯಾ ಎಂದು ನೋಡಲು ಇನ್ನೊಂದು ಜೋಡಿ ಕಣ್ಣು ಬೇಕೇ ಬೇಕು.

ಪ್ಯಾಚ್‌ನ ಕೂದಲಿಗೆ ಮಾತ್ರ ಬುಡದಿಂದ ಜಿಡ್ಡು ಸಿಗುವುದಿಲ್ಲ, ಬೇಗ ಒಣಗುತ್ತದೆ. ಅದೂ ಯಾರದೋ ತಲೆಯ ನಿಜವಾದ ಕೂದಲೇ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಾಗುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ಹದ ಮಾಡುವುದೇ ಎಷ್ಟೋ ಮನೆಗಳ ದುಡಿಮೆ. ಅಷ್ಟು ಕೈ ದಾಟಿ ಬಂದದ್ದನ್ನು ಜೋಪಾನ ಮಾಡಬೇಕು. ಸಲ್ಫೇಟ್ ಇಲ್ಲದ ಶ್ಯಾಂಪೂ, ತಣ್ಣೀರು, ಕಂಡಿಷನರ್ ತುದಿಗೆ ಮಾತ್ರ. ಬೇಸ್‌ಗೆ ತಾಗಿದರೆ ಕೂದಲನ್ನು ಕಟ್ಟಿದ ಗಂಟುಗಳು ಸಡಿಲವಾಗಿ ಕೂದಲು ಉದುರುತ್ತದೆ.

ಟೇಪ್ ಇರಲಿ, ಗ್ಲೂ ಇರಲಿ, ಮೊದಲ ಸಲ ತಲೆಗೆ ಹಾಕುವ ಮುಂಚೆ ಮೊಳಕೈ ಒಳಭಾಗದಲ್ಲಿ ಒಂದು ಚೂರು ಹಚ್ಚಿ ಎರಡು ದಿನ ನೋಡಿ. ಈ ಅಂಟುಗಳಲ್ಲಿರುವ ಅಕ್ರಿಲೇಟ್ ಕೆಲವರಿಗೆ ಅಲರ್ಜಿ ತರುತ್ತದೆ. ಕೆಂಪಾಗುವುದು, ತುರಿಕೆ, ನೀರುಗುಳ್ಳೆ ಕಂಡರೆ ಆ ಅಂಟು ನಿಮಗಲ್ಲ. ಬಹಳ ದಿನ ಬಳಸಿದ ಮೇಲೂ ಇದು ಹೊಸದಾಗಿ ಶುರುವಾಗಬಹುದು. ಆಗ ಪ್ಯಾಚ್ ತೆಗೆದು ಚರ್ಮವೈದ್ಯರಿಗೆ ತೋರಿಸಿ, ಗಾಯ ಪೂರ್ತಿ ಮಾಗುವವರೆಗೆ ಅಂಟು ಮುಟ್ಟಬೇಡಿ. ನನ್ನ ಹಳೆಯ ಮೋನೋ ಕ್ಲಿಪ್ ಪ್ಯಾಚನ್ನು ನಾನು ಇನ್ನೂ ಬಿಸಾಡದೆ ಇಟ್ಟಿರುವುದು ಅಂಥ ದಿನಗಳಿಗೆಂದೇ.