ಹೇಮಕ್ಕನ ಜೊತೆ ಎರಡು ಮಳೆಗಾಲ: ‘ಟೆರರ್ ಆಫ್ ಹೆಮಸಾರಸ್’ ಆಡಿದ ಮೇಲೆ

ಮೊದಲು ಹೆಸರಿನ ಕತೆ ಹೇಳಿಬಿಡುತ್ತೇನೆ. ಈ ಗೇಮ್ ತಗೊಂಡ ದಿನ ಅಕ್ಕನ ಮಗ ಅಡುಗೆಮನೆಗೆ ಓಡಿ, "ಅಜ್ಜೀ, ಮಾವ ಹೆಮಸಾರಸ್ ಹಾಕಿದಾನೆ" ಅಂತ ಕೂಗಿದ. ಅಮ್ಮನಿಗೆ ಕೇಳಿಸಿದ್ದು ‘ಹೇಮಾ ಸಾರು’. "ಯಾವ ಹೇಮನೋ? ಸಾರು ಯಾಕೆ ಕೊಟ್ಟು ಕಳಿಸಿದ್ಲು? ನಮ್ಮನೇಲಿ ಬೇಕಾದಷ್ಟಿದೆ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಇದು ಹೇಮಕ್ಕನ ಆಟ. ಊರು ಕೆಡವುವ ದೈತ್ಯ ಹಲ್ಲಿಗೆ ಅಕ್ಕ ಅನ್ನೋ ಗೌರವ ಸಿಕ್ಕಿದ್ದು ಹೀಗೆ.

ಗೇಮ್ ಬಂದಿದ್ದು 2022ರ ಅಕ್ಟೋಬರ್‌ನಲ್ಲಿ. ಮಾಡಿದವರು ಲೋರೆನ್ ಲೆಮ್ಕಿ. ಇದಕ್ಕೂ ಮುಂಚೆ ‘ಸೂಪರ್ ಬ್ಲಡ್ ಹಾಕಿ’ ಅಂತ ಹೊಡೆದಾಟದ ಹಾಕಿ ಗೇಮ್ ಮಾಡಿದ್ದರು. ಅದೇ ವರ್ಷ ಡಿಸೆಂಬರ್ ಸೇಲ್ ಬಂದಾಗ ನಾನು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡೆ. ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಬರುವ ನೆಟ್‌ನಲ್ಲಿ ನೂರು ಜಿಬಿ ಗೇಮ್ ಇಳಿಸಲು ಹೊರಟರೆ ಒಂದು ವಾರ ಬೇಕು. ಇದು ಚಿಕ್ಕದು. ರಾತ್ರಿ ಊಟ ಮುಗಿಯುವಷ್ಟರಲ್ಲಿ ಇಳಿದಿತ್ತು. ನಿಜ ಹೇಳಬೇಕೆಂದರೆ ಕೊಂಡಿದ್ದಕ್ಕೆ ಅದೇ ದೊಡ್ಡ ಕಾರಣ.

ಸ್ಟೀಮ್ ಈಗ 34 ಗಂಟೆ ಆಡಿದ್ದೇನೆ ಎಂದು ತೋರಿಸುತ್ತದೆ. ಎರಡು ಮಳೆಗಾಲ ದಾಟಿದವನಿಗೆ ಇದು ಕಮ್ಮಿ ಅನ್ನಿಸಬಹುದು. ಆದರೆ ಒಂದೇ ಸಲ ಕೂತು ಗಂಟೆಗಟ್ಟಲೆ ಆಡಿದ್ದು ಒಂದೆರಡು ಬಾರಿ ಮಾತ್ರ. ಉಳಿದಿದ್ದೆಲ್ಲ ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆಟ ಬಹಳ ಸರಳ. ನೀವೊಂದು ದೈತ್ಯ ಪ್ರಾಣಿ. ಎದುರಿಗೆ ಒಂದು ನಗರ. ಪಕ್ಕದಿಂದ ನೋಡಿದ ಹಾಗೆ ಕಾಣುವ ಪಿಕ್ಸೆಲ್ ಚಿತ್ರ. ಹಳೇ ಟಿವಿ ಗೇಮಿನ ಚೌಕ ಚೌಕದ ಬಣ್ಣಗಳೇ. ಕಟ್ಟಡ ಹತ್ತಬಹುದು, ಗುದ್ದಬಹುದು, ಕಾರಿಗೆ ಒದೆಯಬಹುದು, ಮೇಲಿಂದ ಧುಮುಕಿ ನೆಲ ನಡುಗಿಸಬಹುದು. ಇರುವೆಗಳ ಹಾಗೆ ಓಡುವ ಮನುಷ್ಯರನ್ನು ಹಿಡಿದು ಬಾಯಿಗೆ ಹಾಕಿಕೊಳ್ಳಬಹುದು. ಪೊಲೀಸು, ಮಿಲಿಟರಿ, ಹೆಲಿಕಾಪ್ಟರ್ ಎಲ್ಲ ಬರುತ್ತವೆ. ಓಡುತ್ತಿರುವ ಮನುಷ್ಯನನ್ನು ಒದ್ದು ಹೆಲಿಕಾಪ್ಟರಿಗೆ ತಾಗಿಸುವುದು ನನ್ನ ಅಳಿಯನ ವಿಶೇಷ ವಿದ್ಯೆ. ಶಾಲೆಯ ಲೆಕ್ಕದಲ್ಲಿ ಕೋನ ಅಂದರೆ ತಲೆ ಕೆರೆದುಕೊಳ್ಳುವ ಹುಡುಗ ಇಲ್ಲಿ ಕಣ್ಣಳತೆಯಲ್ಲೇ ಗುರಿ ಇಡುತ್ತಾನೆ.

ಇಷ್ಟೇ ಆಗಿದ್ದರೆ ನಾನು ವಿಮರ್ಶೆ ಬರೆಯುತ್ತಿರಲಿಲ್ಲ. ಈ ಗೇಮಿನ ಜೀವ ಇರುವುದು ಕಟ್ಟಡ ಬೀಳುವ ರೀತಿಯಲ್ಲಿ.

ಇದನ್ನು ಹೇಳಲು ಮೂವತ್ತು ವರ್ಷ ಹಿಂದೆ ಹೋಗಬೇಕು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಚಿಕ್ಕಪ್ಪನ ಮನೆ. ಅವರ ಮಗನ ಹತ್ತಿರ ಟಿವಿಗೆ ಹಾಕುವ ವಿಡಿಯೋ ಗೇಮ್ ಇತ್ತು. ಬೇಸಿಗೆ ರಜೆ ಪೂರ್ತಿ ಅದರ ಮುಂದೆ. ಕಾರ್ಟ್ರಿಜ್ ಅನ್ನೋ ಮಾತು ಯಾರಿಗೆ ಗೊತ್ತಿತ್ತು, ನಾವು ‘ಕ್ಯಾಸೆಟ್’ ಅನ್ನುತ್ತಿದ್ದೆವು. ಅದರಲ್ಲೊಂದು ಕ್ಯಾಸೆಟ್ ‘ರ‍್ಯಾಂಪೇಜ್’. ಒಂದು ದೊಡ್ಡ ಮಂಗ, ಒಂದು ದೊಡ್ಡ ಹಲ್ಲಿ, ಕಟ್ಟಡ ಹತ್ತಿ ಗುದ್ದಿ ಗುದ್ದಿ ಕೆಡವುವುದು. ಆಮೇಲೆ ಗೊತ್ತಾಯಿತು, ಅದರ ಮೂಲ ಆಟ 1986ರಲ್ಲಿ ಅಮೆರಿಕದ ಬ್ಯಾಲಿ ಮಿಡ್‌ವೇ ಕಂಪನಿ ತಂದ ಆರ್ಕೇಡ್ ಗೇಮ್, ಅಂದರೆ ಕಾಸು ಹಾಕಿ ಆಡುವ ದೊಡ್ಡ ಯಂತ್ರದ ಆಟ. ಅದರಲ್ಲಿ ಮೂವರು ಒಟ್ಟಿಗೆ ಆಡಬಹುದಿತ್ತು. ಜಾರ್ಜ್ ಎಂಬ ಮಂಗ, ಲಿಝಿ ಎಂಬ ಹಲ್ಲಿ, ರಾಲ್ಫ್ ಎಂಬ ತೋಳ. ಮೂವರೂ ಮೊದಲು ಮನುಷ್ಯರೇ. ಒಬ್ಬನಿಗೆ ವಿಟಮಿನ್ ಎಡವಟ್ಟು, ಒಬ್ಬಳಿಗೆ ವಿಕಿರಣದ ಕೆರೆ ನೀರು, ಇನ್ನೊಬ್ಬನಿಗೆ ಊಟದಲ್ಲಿ ಬೆರೆತ ಕೆಮಿಕಲ್ಲು. ಏಟು ತಿಂದು ಶಕ್ತಿ ಮುಗಿದರೆ ಮತ್ತೆ ಮನುಷ್ಯರಾಗಿ, ಬೆತ್ತಲೆ ಮೈ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಅದನ್ನು ನೋಡಿ ನಾವು ನಕ್ಕಿದ್ದಕ್ಕೆ ಚಿಕ್ಕಮ್ಮ ಒಮ್ಮೆ ಪ್ಲಗ್ಗನ್ನೇ ಕಿತ್ತಿದ್ದರು.

ಟಿವಿಯಲ್ಲಿ ಆಡುವ ನಿಂಟೆಂಡೊ ಆವೃತ್ತಿಯಲ್ಲಿ ತೋಳವನ್ನು ಬಿಟ್ಟಿದ್ದರು. ನಮ್ಮ ಕ್ಯಾಸೆಟ್ಟಿನಲ್ಲೂ ಅವನಿರಲಿಲ್ಲ. ನಾವು ಮೂರು ಜನ ಅಣ್ಣ ತಮ್ಮಂದಿರು. ಆಟದಲ್ಲಿ ಇಬ್ಬರಿಗೆ ಮಾತ್ರ ಜಾಗ. ಮೂರನೆಯವನು ಸದಾ ನಾನೇ. ಮೂಲದಲ್ಲಿ ಮೂರನೇ ಪ್ರಾಣಿ ಇತ್ತು ಅಂತ ಗೊತ್ತಾದ ದಿನ ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಆ ಹಳೇ ಆಟದಲ್ಲಿ ಕಟ್ಟಡಕ್ಕೆ ತೂತು ಕೊರೆಯುತ್ತಾ ಹೋದರೆ, ಒಂದು ಲೆಕ್ಕ ದಾಟಿದ ಮೇಲೆ ಇಡೀ ಕಟ್ಟಡ ನೇರವಾಗಿ ನೆಲಕ್ಕೆ ಇಳಿಯುತ್ತಿತ್ತು. ಕೆಳಗೆ ಧೂಳು. ಮುಗಿಯಿತು. ಎಲ್ಲ ಕಟ್ಟಡಕ್ಕೂ ಅದೇ ಸಾವು. ಹೆಮಸಾರಸ್‌ನಲ್ಲಿ ಹಾಗಲ್ಲ. ಇಲ್ಲಿ ತೂಕದ ಲೆಕ್ಕ ಇದೆ. ಕೆಳಗಿನ ಮಹಡಿಯನ್ನು ಒಂದು ಕಡೆಯಿಂದ ತಿಂದರೆ ಕಟ್ಟಡ ಆ ಕಡೆಗೆ ವಾಲುತ್ತದೆ. ವಾಲಿ ಪಕ್ಕದ ಕಟ್ಟಡಕ್ಕೆ ಒರಗುತ್ತದೆ. ಅದು ತಡೆದುಕೊಂಡರೆ ಸರಿ, ಇಲ್ಲದಿದ್ದರೆ ಅದೂ ಅದರ ಪಕ್ಕದ್ದರ ಮೇಲೆ. ಒಮ್ಮೊಮ್ಮೆ ಒಂದೇ ಗುದ್ದಿಗೆ ಒಂದು ಬೀದಿ ಖಾಲಿ. ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿಗೆ ಒಂದು ಮರ ಮುರಿದು ಪಕ್ಕದ್ದನ್ನು ಎಳೆದುಕೊಂಡು, ಅದು ಇನ್ನೊಂದರ ತಲೆ ಮುರಿದು, ಬೆಳಿಗ್ಗೆ ಹೋಗಿ ನೋಡಿದರೆ ಒಂದು ಸಾಲೇ ಮಲಗಿರುತ್ತದಲ್ಲ, ಥೇಟ್ ಹಾಗೆ. ಮೊದಲ ಸಲ ಮೂರು ಕಟ್ಟಡ ಸಾಲಾಗಿ ಬಿದ್ದಾಗ ಅಪ್ಪ ಸುಲಿಯುತ್ತಿದ್ದ ಅಡಿಕೆ ಬಿಟ್ಟು ತಲೆ ಎತ್ತಿ, "ಆ ಕೊನೇದು ಉಳೀತಲ್ಲ ಮಾರಾಯ, ಅದನ್ಯಾಕೆ ಬಿಟ್ಟೆ?" ಅಂದರು. ಗೇಮ್ ಅಂದರೆ ಮೂಗು ಮುರಿಯುವ ಮನುಷ್ಯ.

ಆ ಚಳಿಗಾಲ ಪೂರ್ತಿ ಹೀಗೇ ನಡೆಯಿತು. ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯಲು ನಾಲ್ಕಾರು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಲ್ಯಾಪ್‌ಟಾಪ್ ಹಳೇ ಟಿವಿಗೆ ಸಿಕ್ಕಿಸಿ ನಾನೂ ಅಳಿಯನೂ ಆಡುತ್ತಿದ್ದೆವು. ನೋಡುವವರಿಗೂ ರುಚಿಸುವ ಗೇಮ್ ಇದು. ನಿಯಮ ಗೊತ್ತಿರಬೇಕಾಗಿಲ್ಲ. ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಕಾಯುವುದೇ ಮಜಾ.

ಪ್ರಾಣಿಗಳು ನಾಲ್ಕು. ಹೆಮಸಾರಸ್ ಹಲ್ಲಿ, ಕ್ಲಾಕ್‌ಸ್ಲಾತ್, ಸಾಲಮಾಂಡ್ರಾ, ಮತ್ತೆ ಯಂತ್ರದ ಹೆಮಸಾರಸ್ ಒಂದು. ಆಡುವಾಗ ಇವುಗಳ ನಡುವೆ ಭಾರೀ ವ್ಯತ್ಯಾಸ ನನಗೆ ಕಾಣಲಿಲ್ಲ. ಇದು ನನ್ನ ಮೊದಲ ದೂರು. ಮಂಗ ಇದ್ದಿದ್ದರೆ ಚೆನ್ನಾಗಿತ್ತು ಅನ್ನೋದು ಅಮ್ಮನ ದೂರು. ನಮ್ಮ ಮನೆ ಹಂಚನ್ನು ಪ್ರತಿ ಬೇಸಿಗೆಯಲ್ಲಿ ಮಂಗಗಳು ಎತ್ತಿ ಎತ್ತಿ ಎಸೆಯುತ್ತವೆ. ಬಾಳೆಗೊನೆ ನಮ್ಮ ಪಾಲಿಗೆ ಉಳಿದರೆ ಅದು ಹಬ್ಬ. ಕಟ್ಟಡ ಕೆಡವುವ ಮಂಗ ಅಂದರೆ ನಮಗೆ ಕಲ್ಪನೆಯೇನಲ್ಲ.

ಈಗ ಇಪ್ಪತ್ತು ನಿಮಿಷದ ವಿಷಯ. ನಮ್ಮ ಕಡೆ ಯಕ್ಷಗಾನಕ್ಕೂ ‘ಆಟ’ ಅಂತಲೇ ಅನ್ನುತ್ತೇವೆ. ಚಿಕ್ಕವರಿದ್ದಾಗ ಆಟಕ್ಕೆ ಹೋದರೆ ನಾವು ಕಾಯುತ್ತಿದ್ದುದು ರಾಕ್ಷಸನಿಗೆ. ರಾಜ ಬಂದು ಅರ್ಧ ಗಂಟೆ ಮಾತಾಡುವಾಗ ಅಜ್ಜಿಯ ಮಡಿಲಲ್ಲಿ ನಿದ್ದೆ. ಬಣ್ಣದ ವೇಷ ಬರುವ ಹೊತ್ತಿಗೆ ಯಾರಾದರೂ ತಟ್ಟಿ ಎಬ್ಬಿಸುತ್ತಿದ್ದರು. ಚೆಂಡೆ ಏರುತ್ತದೆ, ತೆರೆ ಹಿಂದೆ ಅಬ್ಬರ ಕೇಳುತ್ತದೆ, ಎದೆ ಡವಡವ. ಆ ವೇಷ ರಂಗದ ಮೇಲೆ ಇರುವುದು ಸ್ವಲ್ಪ ಹೊತ್ತು. ಅದಕ್ಕೇ ಅದು ಅಷ್ಟು ಚೆಂದ. ಬೆಳತನಕ ಬರೀ ರಾಕ್ಷಸನೇ ಕುಣಿದರೆ ಯಾರು ನೋಡುತ್ತಾರೆ? ಹೆಮಸಾರಸ್ ಅಂದರೆ ಬರೀ ಬಣ್ಣದ ವೇಷ ಇರುವ ಆಟ. ರಾಜ ಇಲ್ಲ, ಹಾಸ್ಯಗಾರ ಇಲ್ಲ, ಕರುಣರಸ ಇಲ್ಲ. ಇಪ್ಪತ್ತು ನಿಮಿಷ ಅಬ್ಬರ. ಮುಂದುವರಿಸಿದರೆ ಕೈ ಮಾತ್ರ ಆಡುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಒಂದು ಭಾನುವಾರ ಮೂರು ಗಂಟೆ ಒಟ್ಟಿಗೆ ಆಡಿ, ಆಮೇಲೆ ಒಂದು ತಿಂಗಳು ಅದರ ಮುಖ ನೋಡಲಿಲ್ಲ. ಈಗೀಗ ಮೇಳಗಳು ಕಾಲಮಿತಿ ಪ್ರಯೋಗ ಮಾಡುತ್ತವಲ್ಲ, ಇದನ್ನೂ ಕಾಲಮಿತಿಯಲ್ಲೇ ಆಡಬೇಕು.

ಕತೆ ಇದೆ, ಆದರೆ ಬೇಗ ಮುಗಿಯುತ್ತದೆ. ನಾನು ಎರಡು ರಾತ್ರಿಯಲ್ಲಿ ಮುಗಿಸಿದೆ. ಹಂತ ಹಂತಕ್ಕೆ ಸಣ್ಣ ಕೆಲಸ ಕೊಡುತ್ತದೆ. ಇಷ್ಟು ಕಟ್ಟಡ ಕೆಡವು, ಇಷ್ಟು ಜನರನ್ನು ತಿನ್ನು, ಹೀಗೆ. ಹಿಂದಿರುವ ಹಾಸ್ಯ ಮಾತ್ರ ಕಹಿ. ಭೂಮಿ ಬಿಸಿಯಾಗುತ್ತಿದೆ ಅಂದರೂ ಮನುಷ್ಯರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಲ್ಲಿಯನ್ನು ದೇವರು ಅಂತ ಪೂಜಿಸುವ ಒಂದು ಪಂಥ, ಈ ಜನಕ್ಕೆ ಶಿಕ್ಷೆಯಾಗಲಿ ಅಂತ ಹೇಮಕ್ಕನನ್ನು ಛೂ ಬಿಡುತ್ತದೆ. ಮೊದಲ ಸಲ ಓದುವಾಗ ಚೆನ್ನಾಗಿ ನಕ್ಕೆ. ಮಾತೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಇಲ್ಲ. ಅಳಿಯನಿಗೆ ನಾನೇ ಅರ್ಥ ಹೇಳಬೇಕಾಗಿತ್ತು. ಜೋಕನ್ನು ಬಿಡಿಸಿ ಹೇಳಿದರೆ ಏನಾಗುತ್ತೆ ಗೊತ್ತಲ್ಲ. ಮೂರನೇ ಸಲ ಆಡುವಾಗ ಇಬ್ಬರೂ ಒತ್ತಿ ಒತ್ತಿ ಮುಂದೆ ಓಡಿಸುತ್ತಿದ್ದೆವು.

ಆದರೂ ಆ ಕತೆ ಸುಮ್ನೆ ತಮಾಷೆಯಾಗಿ ಉಳಿಯಲಿಲ್ಲ. 2023ರಲ್ಲಿ ನಮ್ಮಲ್ಲಿ ಮಳೆ ಕೈಕೊಟ್ಟಿತು. ಮಲೆನಾಡಿನಲ್ಲಿ ಜೂನ್ ಪೂರ್ತಿ ಆಕಾಶ ನೋಡುತ್ತಾ ಕೂತಿದ್ದೆವು. ಮರುವರ್ಷ ಜುಲೈನಲ್ಲಿ ಉಲ್ಟಾ. ಬಿಡದೆ ಹೊಯ್ದು, ಔಷಧಿ ಹೊಡೆಯಲು ಬಿಸಿಲೇ ಸಿಗದೆ ಅಡಿಕೆಗೆ ಕೊಳೆ ಬಂತು. ಆ ಸಂಜೆಗಳಲ್ಲೇ ನಾವು ಜಾಸ್ತಿ ಆಡಿದ್ದು. ಹೊರಗೆ ಗುಡ್ಡ ಕುಸಿದ ಸುದ್ದಿ, ಒಳಗೆ ಪರದೆ ಮೇಲೆ ಊರು ಕುಸಿಯುತ್ತಿದೆ.

ಒಂದು ಸಂಜೆ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ, 1964ರ ಆಸುಪಾಸಿನಲ್ಲಿ, ಅವರ ತವರುಮನೆ, ಗದ್ದೆ, ತೋಟ ಎಲ್ಲ ಶರಾವತಿ ನೀರಿನಡಿ ಹೋಯಿತು. ನಮ್ಮ ಕಡೆ ಮುಳುಗಡೆ ಅಂದರೆ ಅದೇ. ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳಿದರು, "ಈ ಜನ ಮೊದಲೇ ಮನೆ ಖಾಲಿ ಮಾಡ್ಲಿಲ್ವನಾ? ನಮಗೆ ನೋಟಿಸಾದ್ರೂ ಕೊಟ್ಟಿದ್ರು." ಅಳಿಯ, "ಇದು ಗೇಮ್, ದೊಡ್ಡಜ್ಜಿ" ಅಂದ. "ಗೊತ್ತು ಕಣೋ" ಅಂದು ಎದ್ದು ಹೋದರು. ಅವತ್ತು ಇಪ್ಪತ್ತು ನಿಮಿಷ ಆಗುವ ಮೊದಲೇ ಮುಚ್ಚಿದೆ.

ಮಕ್ಕಳ ವಿಷಯ ಕೇಳುವವರಿಗೆ: ರಕ್ತ ಇದೆ, ಜಾಸ್ತಿಯೇ ಇದೆ. ಪಿಕ್ಸೆಲ್ ರಕ್ತ, ಕೆಂಪು ಚುಕ್ಕೆಗಳು ಅಷ್ಟೇ. ಆದರೂ ಮನುಷ್ಯರನ್ನು ತಿನ್ನುವುದು, ಜಜ್ಜುವುದು ತುಂಬಾ ಇದೆ. ಅಕ್ಕ ನೋಡಿದ ದಿನ, "ಎಂಥ ದರಿದ್ರ ಆಟವೋ ಇದು" ಅಂತ ನನಗೇ ಬೈದಳು. ಅಳಿಯನಿಗೆ ಈಗ ಹದಿಮೂರು. ಅವನ ಆರು ವರ್ಷದ ತಂಗಿ ಕೋಣೆಯಲ್ಲಿದ್ದರೆ ಹಾಕುವುದಿಲ್ಲ ಅನ್ನೋದು ಈಗ ಮನೆಯ ಕಾನೂನು.

ಯಂತ್ರದ ಲೆಕ್ಕ. ನನ್ನದು 2017ರ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಾಮಾನ್ಯವಾಗಿ ಸಲೀಸಾಗಿ ಓಡುತ್ತದೆ. ನಾಲ್ಕೈದು ದೊಡ್ಡ ಕಟ್ಟಡ ಒಟ್ಟಿಗೆ ಬಿದ್ದು, ಮೇಲೆ ಬೆಂಕಿಯೂ ಹತ್ತಿದರೆ ಮಾತ್ರ ಚಿತ್ರ ತಡವರಿಸುತ್ತದೆ, ಫ್ಯಾನ್ ಅಕ್ಕಿ ಗಿರಣಿ ಹಾಗೆ ಕೂಗುತ್ತದೆ. ಬೀಳುವ ಒಂದೊಂದು ಚೂರಿಗೂ ಲೆಕ್ಕ ಹಾಕಬೇಕಲ್ಲ, ಪಾಪ. ನನಗೇನೂ ಬೇಸರವಿಲ್ಲ. ಸರಿಯಾಗಿ ಬೀಳುವ ಹೊತ್ತಿಗೇ ನಿಧಾನವಾಗುವುದರಿಂದ ಸಿನಿಮಾದ ಸ್ಲೋ ಮೋಷನ್ ಹಾಗೆ ಕಾಣುತ್ತದೆ.

ಕೀಬೋರ್ಡಿನಲ್ಲಿ ಆಡಬಹುದು, ಆದರೆ ಗೇಮ್‌ಪ್ಯಾಡ್ ಇದ್ದರೆ ಆಟದ ರುಚಿಯೇ ಬೇರೆ. ಇಬ್ಬರು ಕೂತು ಆಡಲು ಎರಡಿರಲಿ. ನಾನು ದುಡ್ಡು ಉಳಿಸಲು ಪೇಟೆಯ ಒಂದು ಅಂಗಡಿಯಲ್ಲಿ ಅಗ್ಗದ್ದು ತಂದೆ. ಮೊದಲ ಮಳೆಗಾಲದಲ್ಲೇ ಅದರ ಕಡ್ಡಿ ತಾನಾಗಿ ಎಡಕ್ಕೆ ಎಳೆಯಲು ಶುರುವಾಯಿತು. ಹೇಮಕ್ಕ ಯಾರೂ ಮುಟ್ಟದೆ ತಾನೇ ನಡೆದು ಹೋಗುತ್ತಿದ್ದಳು. ನಮ್ಮ ತೇವಕ್ಕೆ ಹಪ್ಪಳವೇ ಉಳಿಯುವುದಿಲ್ಲ, ಇದನ್ನು ಏನು ಹೇಳೋದು. ಈಗ ಡಬ್ಬಿಯಲ್ಲಿ ಅಕ್ಕಿ ಜೊತೆ ಇಡುತ್ತೇನೆ. ಇನ್ನು ಕರೆಂಟು. ಒಂದು ಹಂತದ ನಡುವೆ ಹೋದರೆ ಆ ಹಂತ ಮತ್ತೆ ಮೊದಲಿಂದ. ಹಂತಗಳು ಚಿಕ್ಕವಾದ್ದರಿಂದ ಅಷ್ಟೇನೂ ನಷ್ಟ ಅನ್ನಿಸುವುದಿಲ್ಲ.

ಕತೆ ಮುಗಿದ ಮೇಲೆ ಎಂಡ್‌ಲೆಸ್ ಮೋಡ್ ಇದೆ, ಅಂದರೆ ಕೊನೆಯಿಲ್ಲದ ಆಟ. ನನ್ನ 34 ಗಂಟೆಯ ಬಹುಪಾಲು ಅದರಲ್ಲೇ. ಆದರೆ ಇಲ್ಲೂ ಕೆಲಸ ಅದೇ, ಊರುಗಳೂ ಒಂದಕ್ಕೊಂದು ಹೋಲುತ್ತವೆ. ರ‍್ಯಾಂಪೇಜ್ ಆರ್ಕೇಡಿನಲ್ಲಿ 128 ದಿನಗಳ ಲೆಕ್ಕ ಇತ್ತು, ದಿನಕ್ಕೊಂದು ನಗರದ ಹೆಸರು. ಆಟ ಶುರುವಾಗುವುದು ಅಮೆರಿಕದ ಪಿಯೋರಿಯಾ ಅನ್ನೋ ಊರಿನಲ್ಲಿ. ಚಿತ್ರ ಒಂದೇ ಥರ ಇದ್ದರೂ ಇವತ್ತು ಇಂಥ ಊರು ಅಂತ ಹೆಸರು ನೋಡುವ ಖುಷಿ ಇತ್ತು. ಇಲ್ಲಿ ಅದು ಸಿಗಲಿಲ್ಲ. ಅದಕ್ಕೆ ನಾವೇ ಹೆಸರಿಟ್ಟೆವು. ಎತ್ತರದ ಕಟ್ಟಡಗಳ ಊರು ಬೆಂಗಳೂರು. ಅದನ್ನು ಕೆಡವುವಾಗ ಅಳಿಯ ವಿಶೇಷ ಉತ್ಸಾಹ ತೋರಿಸುತ್ತಾನೆ. ಅವರಪ್ಪನಿಗೆ ಅಲ್ಲಿ ಕೆಲಸ, ಬರುವುದು ತಿಂಗಳಿಗೊಮ್ಮೆ.

ಪೂರ್ತಿ ಬೆಲೆ ಕೊಟ್ಟು ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಆಡುವವರಾದರೆ ಸೇಲ್ ಬರುವ ತನಕ ಕಾಯಿರಿ. ಪಕ್ಕದಲ್ಲಿ ಕೂರಲು ಒಬ್ಬರಿದ್ದರೆ ಕಾಯುವುದೂ ಬೇಡ. ಹತ್ತರಲ್ಲಿ ಏಳು ಕೊಡುತ್ತೇನೆ. ಅಳಿಯ ಒಂಬತ್ತು ಅಂತಾನೆ. ಅಪ್ಪ ಇನ್ನೂ ಆ ಉಳಿದ ಕೊನೇ ಕಟ್ಟಡದ ವಿಷಯ ಎತ್ತುತ್ತಿರುತ್ತಾರೆ.